ಗಂಗವ್ವನ ಅಂಕಣ

ಮೊನ್ನೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ತರಕಾರಿಯವನ ಜೊತೆ ಜಗಳಾಡುತ್ತಿದ್ದೆ. ಬದನೆಕಾಯಿಯಲ್ಲಿ ಹುಳು, ಬಿಡುವವಳಲ್ಲ ನಾನು. ಅಷ್ಟರಲ್ಲಿ ಒಣ ಕರಡದ ಹುಲ್ಲು ಹೇರಿದ ಗಾಡಿಯೊಂದು ಹಾದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಗುಳ ಬಾಯಲ್ಲೇ ಉಳಿಯಿತು. ಅವನು ಪಾರಾದ. ನನ್ನ ಮನಸ್ಸು ನಮ್ಮೂರ ಚಾವಡಿಗೆ ಹೋಗಿತ್ತು.

ಗುಡ್ನಾಪುರದ ಕೆರೆ ದಾಟಿದರೆ ನನ್ನ ಗಂಡನ ಊರು. ಸಾವಿರದ ಒಂಬೈನೂರ ಮೂವತ್ತರ ಆಚೀಚೆ ನಾನು ಸೊಸೆಯಾಗಿ ಹೋದಾಗ ಊರ ನಡುವೆ ಉದ್ದನೆಯ ಹುಲ್ಲಿನ ಚಾವಡಿ ಇತ್ತು. ಗೋಡೆ ಎನ್ನುವುದು ಮೊಣಕಾಲೆತ್ತರ, ಉಳಿದದ್ದು ಗಾಳಿ. ನ್ಯಾಯ, ಮದುವೆ, ಭಜನೆ, ಬೀಗರ ನಿದ್ದೆ ಎಲ್ಲವೂ ಅಲ್ಲೇ. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಾರಲ್ಲ, ಅಲ್ಲಿ ಮನೆಗೊಂದು ಅಂಕಣ. ಮಳೆಗಾಲಕ್ಕೆ ಮುಂಚೆ ಅವರವರ ಅಂಕಣಕ್ಕೆ ಅವರವರೇ ಹುಲ್ಲು ಹೊದಿಸಬೇಕು, ಸಭೆ ಕೂಡಿದರೆ ಅದರ ಕೆಳಗೇ ಕೂರಬೇಕು. ಸೋಮಾರಿಯ ಮನೆ ಯಾವುದೆಂದು ತಲೆಯೆತ್ತಿದರೆ ತಿಳಿಯುತ್ತಿತ್ತು. ಹೆಣ್ಣು ಕೊಡುವವರು ಮೊದಲು ಚಾವಡಿಯ ಮಾಡು ನೋಡುತ್ತಿದ್ದರು, ಹುಡುಗನನ್ನು ಆಮೇಲೆ. ನಮ್ಮಪ್ಪ ಎರಡನ್ನೂ ನೋಡದೆ ಕೊಟ್ಟುಬಿಟ್ಟ ಎಂದು ಗಂಡನ ಎದುರು ಎಷ್ಟು ಸಲ ಆಡಿಕೊಂಡಿದ್ದೇನೋ!

ಒಬ್ಬರ ಅಂಕಣಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಹಚ್ಚಿದರೆ ಆ ಮನೆಯ ದೀಪ ಆರಿತು ಎಂದರ್ಥ. ವಂಶ ಮುಗಿದ ಮನೆಯ ಅಂಕಣವನ್ನಷ್ಟೇ ಪಕ್ಕದ ಅಂಕಣದವರು ಹೊದಿಸಿ ತಮ್ಮದು ಮಾಡಿಕೊಳ್ಳುತ್ತಿದ್ದರು.

ನೆರೆಮನೆಯ ಗಂಗವ್ವ ನನಗಿಂತ ಸ್ವಲ್ಪ ದೊಡ್ಡವಳು. ಮಕ್ಕಳಿರಲಿಲ್ಲ. ಅವಳ ಗಂಡ ಕಲ್ಲಪ್ಪ ಕರ ಕೊಡುವುದಿಲ್ಲವೆಂದು ಸರಕಾರದ ಎದುರು ನಿಂತು ಜೈಲು ಸೇರಿದ್ದ. ಆ ವರ್ಷ ಎಲ್ಲರ ಅಂಕಣವೂ ಹೊಸ ಹುಲ್ಲು ಹೊದ್ದಿತು, ಅವರದೊಂದು ಬೋಳು. ಊರವರಿಗೆ ಕಲ್ಲಪ್ಪನ ಮೇಲೆ ಅಭಿಮಾನ. ಅದಕ್ಕೇ ಯಾರೂ ಮುಟ್ಟಲಿಲ್ಲ. ಬದುಕಿರುವವನ ಮನೆಯ ದೀಪ ಆರಿಸುವುದುಂಟೆ? ಹಾಗೆ ಗೌರವ ಕೊಟ್ಟು ಕೊಟ್ಟೇ ಅವನ ಜಾಗ ಕೊಳೆಯಲು ಬಿಟ್ಟರು. ಎಂಥ ಗೌರವವೋ, ಸುಡುಗಾಡು!

ಮೋಡ ಕಟ್ಟಿದ ದಿನ ಗಂಗವ್ವ ಹುಲ್ಲಿನ ಸಿವುಡು ಹೊತ್ತು, ಏಣಿ ಎಳೆದುಕೊಂಡು ಚಾವಡಿಗೆ ಬಂದು ಹತ್ತತೊಡಗಿದಳು. ಹೆಂಗಸು ಮಾಡು ಹತ್ತುವುದೆಂದರೆ ಗಂಡಸರ ತಲೆಯ ಮೇಲೆ ಕಾಲಿಟ್ಟಂತೆ. ಊರ ಗೌಡರು ನನ್ನ ಮಾವ. ಅವರು ಕೂತಲ್ಲಿಂದ ಎದ್ದು ನಿಂತರು.

“ಕೆಳಗ ಇಳಿ ಗಂಗವ್ವಾ. ಮನ್ಯಾಗ ಗಂಡಸಿಲ್ಲದ ಹೊತ್ತಿನ್ಯಾಗ ಇದೆಂಥಾ ಹಟ?”

“ಇಲ್ಲ ಅಂತ ಯಾರಂದ್ರು ಗೌಡ್ರ? ಜೇಲಿನ್ಯಾಗ ಅದಾನ. ಬಂದು ಕುಂದ್ರಾಕ ಅವಂಗ ಜಾಗಾ ಬ್ಯಾಡೇನ್ರಿ?”

ಏಣಿ ಅಲುಗಾಡುತ್ತಿತ್ತು. ಓಡಿಹೋಗಿ ಹಿಡಿದುಕೊಂಡೆ. ಧೈರ್ಯದಿಂದಲ್ಲ ಮಾರಾಯರೇ, ಅವಳು ಬಿದ್ದಾಳೆಂಬ ಹೆದರಿಕೆಗೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಮಾವನ ಮುಖ ನೋಡುವ ಎದೆ ಯಾರಿಗಿತ್ತು? ಮೇಲೆ ಹುಲ್ಲಿನ ಸರಸರ ಶುರುವಾಯಿತು. ಆಮೇಲೆ ಮಾವನ ದನಿ ಕೇಳಿಸಿತು.

“ನೆತ್ತಿಯಿಂದ ಹಚ್ಚಬ್ಯಾಡವಾ, ನೀರು ಒಳಗ ಇಳೀತೈತಿ. ಸೂರಿನಿಂದ ಮ್ಯಾಲೆ ಹಚ್ಕೊಂತ ಹೋಗು.”

ಕಣ್ಣು ಬಿಟ್ಟರೆ ಮಾವನೇ ಕೆಳಗಿನಿಂದ ಸಿವುಡು ಎತ್ತಿ ಕೊಡುತ್ತಿದ್ದರು. ಹುಲ್ಲು ಮುಟ್ಟಿದರು, ಅಂಕಣ ಮುಟ್ಟಲಿಲ್ಲ.

ಕಲ್ಲಪ್ಪ ಬಂದು ಕೂರಲಿಲ್ಲ. ಆ ಮಳೆಗಾಲದಲ್ಲೇ ಜ್ವರ ಬಂದು ಜೈಲಿನಲ್ಲಿ ತೀರಿಕೊಂಡನೆಂದು ಸುದ್ದಿ ಬಂತು. ಮಳೆ ಹೋಗಿ ಗುಡ್ಡದ ಕರಡ ಒಣಗಿದಾಗ ಎಲ್ಲ ಮನೆಯವರೂ ಹುಲ್ಲು ಕೊಯ್ಯಲು ಹೊರಟರು. ಗಂಗವ್ವ ಹೊಸ್ತಿಲು ದಾಟಲಿಲ್ಲ. ಈಗ ಕಟ್ಟಳೆ ಅವಳ ಕಡೆಗಿರಲಿಲ್ಲ. ಅವಳ ಅಂಕಣಕ್ಕೆ ತಾಗಿದ ಅಂಕಣ ನಮ್ಮದೇ; ಊರ ಲೆಕ್ಕದಲ್ಲಿ ಅವಳದು ನಮಗೆ ಸೇರಬೇಕು. ಚಾವಡಿಯಲ್ಲಿ ಜಾಗವಿಲ್ಲದವಳಿಗೆ ಊರಲ್ಲಿ ಮಾತೂ ಇಲ್ಲ. ಒಂದು ಸಂಜೆ ಮಾವ ಚಪ್ಪಲಿ ಮೆಟ್ಟಿಕೊಂಡು ಅವಳ ಬಾಗಿಲಿಗೆ ಹೋದರು. ಅಂಕಣ ಕೇಳಿಯೇ ಬಿಡುತ್ತಾರೆ ಎಂದು ನಾನು ಬೇಲಿಯ ಹಿಂದೆ ನಿಂತು ಅವರನ್ನು ಮನಸ್ಸಿನಲ್ಲೇ ಬೈದೆ.

“ಗಂಗವ್ವಾ, ಕರಡ ಒಣಗೇತಿ. ನಿನ್ನ ಅಂಕಣಕ್ಕ ಹುಲ್ಲು ಕೊಯ್ಯಾಕ ಯಾವಾಗ ಹೊಂಟಿ?”

ಕಲ್ಲಪ್ಪನ ಅಂಕಣ ಅನ್ನಲಿಲ್ಲ, ನಿನ್ನ ಅಂದರು. ಸ್ವಲ್ಪ ಹೊತ್ತಿಗೆ ಗಂಗವ್ವ ಕುಡುಗೋಲು ಹಿಡಿದುಕೊಂಡು ಹೊರಗೆ ಬಂದಳು.

ಚಾವಡಿಗೆ ಹೆಂಚು ಬಂತು, ಮುಂದೊಂದು ದಿನ ಅದೂ ಬಿತ್ತು. ಈಗ ಅಲ್ಲಿ ಲಾರಿ ನಿಲ್ಲಿಸುತ್ತಾರೆ. ಮಾವನ ಮೇಲೆ ನನಗೆ ನೂರೆಂಟು ದೂರು, ಒಂದನ್ನೂ ಬಿಡದೆ ಮೊಮ್ಮಗಳಿಗೆ ಹೇಳಿದ್ದೇನೆ. ಇದೊಂದನ್ನು ಮಾತ್ರ ಯಾಕೋ ಹೇಳಿರಲಿಲ್ಲ. ಮೊನ್ನೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಮುಗಿಸುವಷ್ಟರಲ್ಲಿ ನನಗೆ ಅಳು ಬಂತು. ಮಾವ ಸತ್ತ ದಿನ ಊರವರ ಕಣ್ಣಿಗೆ ಕಾಣಲೆಂದು ಅತ್ತಿದ್ದೆ. ಅವರಿಗಾಗಿ ನಿಜವಾಗಿ ಅತ್ತದ್ದು ಇದೇ ಮೊದಲು.