ಒಂಟಿ ಪ್ಯಾಕೆಟ್

ನಮ್ಮಕ್ಕನಷ್ಟು ಪುಕ್ಕಲು ಜೀವವನ್ನು ನಾನು ಇನ್ನೊಂದು ಕಂಡಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ಮತ್ತೆ ಹತ್ತಿ ಹೋಗಿ ಎಳೆದು ನೋಡುವವಳು. ಫೋನ್ ಬಂದರೆ 'ಹಲೋ' ಅನ್ನುವುದಿಲ್ಲ, 'ಯಾರಿಗೇನಾಯ್ತು?' ಅನ್ನುತ್ತಾಳೆ. ಸಣ್ಣ ಸದ್ದಾದರೂ ಬೆಚ್ಚಿಬೀಳುವ ಅವಳನ್ನು ನಾನು ಗುಬ್ಬಚ್ಚಿ ಅಂತಲೇ ಕರೆಯುವುದು. ಇಂಥವಳಿಗೆ ಸಿಕ್ಕ ಕೆಲಸ ನೋಡಿ: ಕಂಪ್ಯೂಟರಿನ ಕರ್ನಲ್ ಬರೆಯುವುದು.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅದು ಎಡವಿದರೆ ಉಳಿದದ್ದೆಲ್ಲ ಮುಗ್ಗರಿಸುತ್ತದಂತೆ. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ತಲೆಗೆ ಇದನ್ನು ತುಂಬಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ನೆಟ್‌ವರ್ಕಿನಲ್ಲಿ ಸುದ್ದಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಒಂದೊಂದು ಬಂದಾಗಲೂ ಕರ್ನಲ್ ಕೈಲಿದ್ದ ಕೆಲಸ ಬಿಟ್ಟು ಓಡಬೇಕು.

"ಬೆಲ್ ಆದಾಗೆಲ್ಲ ಬಾಗಿಲಿಗೆ ಓಡ್ತಿದ್ರೆ ಒಲೆ ಮೇಲಿರೋದು ಸೀದು ಹೋಗುತ್ತೆ ಕಣೋ. ಅದಕ್ಕೇ, ನಾಲ್ಕು ಜನ ಸೇರಲಿ, ಆಮೇಲೆ ಒಂದೇ ಸಲ ಬೆಲ್ ಆಗಲಿ ಅಂತ ಮಾಡಿದೀನಿ," ಅಂದಿದ್ದಳು.

ಎಷ್ಟು ಹೊತ್ತು ಕಾಯಬೇಕೆಂಬುದನ್ನು ಒಂದು ಪ್ಯಾಕೆಟ್ಟಿಗೂ ಮುಂದಿನದಕ್ಕೂ ನಡುವಿನ ಅಂತರ ನೋಡಿ ಕರ್ನಲ್ಲೇ ನಿರ್ಧರಿಸುವಂತೆ ಬರೆದಳು. ಪರೀಕ್ಷೆಯಲ್ಲಿ ಪ್ಯಾಕೆಟ್‌ಗಳ ಮಳೆಯನ್ನೇ ಸುರಿಸಿದರು. ವೇಗ ದುಪ್ಪಟ್ಟಾಯಿತು. ಅವಳ ಮೇಲಧಿಕಾರಿ ಬೆನ್ನು ತಟ್ಟಿದರು. ಹೊಸ ಕರ್ನಲ್ ಎಲ್ಲೆಲ್ಲಿಗೋ ಹೋಯಿತು.

ಅಪ್ಪ ಮಲಗಿದ್ದ ವಾರ್ಡಿಗೂ ಹೋಗಿತ್ತು.

ಅಪ್ಪನಿಗೆ ಹೃದಯದ ಆಪರೇಷನ್ ಆಗಿತ್ತು. ಬೆರಳಿಗೊಂದು ಕ್ಲಿಪ್ಪು, ತಲೆದೆಸೆಯಲ್ಲೊಂದು ಯಂತ್ರ. ಎಲ್ಲ ಸರಿಯಿದ್ದಷ್ಟು ಹೊತ್ತು ಅದು ಬಾಯಿ ಬಿಡುವುದಿಲ್ಲ. ಏರುಪೇರಾದರೆ ಅಲ್ಲೊಂದು ಕೆಂಪು ದೀಪ ಹತ್ತುತ್ತದೆ, ಹಜಾರದ ಆ ತುದಿಯಲ್ಲಿರುವ ನರ್ಸ್ ಮೇಜಿನ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ರೋಗಿ ಬೆಚ್ಚಬಾರದೆಂದು ಸದ್ದೆಲ್ಲ ಮೇಜಿನ ಹತ್ತಿರವೇ.

ಮಧ್ಯಾಹ್ನ ನಾವು ಆ ಮೇಜಿನ ಮುಂದೆ ಹಾಯುವಾಗ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು. ತೆರೆಯ ಮೇಲೆ ಓಡಿದ ಸಾಲುಗಳಲ್ಲಿ ಅಕ್ಕನಿಗೆ ತನ್ನ ಕರ್ನಲ್ಲಿನ ಆವೃತ್ತಿ ಸಂಖ್ಯೆ ಕಂಡಿತು. ಹಿಗ್ಗುತ್ತಾಳೆ ಅಂದುಕೊಂಡೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎರಡನೇದು ಬಂದ್ರೆ ತಾನೇ ಅಂತರ ಗೊತ್ತಾಗೋದು?" ಅಂದಳು. "ಒಂದೇ ಒಂದು ಬಂದ್ರೆ?"

"ಬಂದ್ರೆ ಏನಾಗುತ್ತೆ?"

"ಕಾಯ್ತಾ ಕೂತಿರುತ್ತೆ. ಜೊತೆಗೆ ಇನ್ನೊಂದು ಬರೋವರೆಗೂ."

ಯಾರೂ ಒಂದೇ ಒಂದು ಪ್ಯಾಕೆಟ್ ಕಳಿಸಿ ನೋಡಿರಲಿಲ್ಲ. ವೇಗ ಅಳೆಯಲು ಕೂತವರಿಗೆ ಒಂಟಿಯ ಗೊಡವೆ ಯಾಕೆ?

ಅಕ್ಕ ಮೇಲಧಿಕಾರಿಗೆ ಫೋನ್ ಹಚ್ಚಿದಳು. ಅವರ ಮಾತು ನನಗೂ ಕೇಳುತ್ತಿತ್ತು. "ಪರೀಕ್ಷೆಯಲ್ಲೆಲ್ಲ ಪಾಸಾಗಿದೆ, ಸುಮ್ನೆ ಗಾಬರಿ ಬೀಳ್ಬೇಡಿ. ಅದು ನಿಮ್ಮ ಕೆಲಸ ಅಂತ ಅಲ್ಲಿ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಕೆಲಸಕ್ಕೇ ಸಂಚಕಾರ ಬರುತ್ತೆ."

ಅಕ್ಕ ಫೋನಿಟ್ಟು, ತೆರೆ ನೋಡ್ತಾ ಇರು ಅಂತ ನನ್ನನ್ನು ನರ್ಸ್ ಮೇಜಿನ ಹತ್ತಿರ ಓಡಿಸಿದಳು. ಅಲ್ಲಿಂದ ಅಪ್ಪನ ಹಾಸಿಗೆ ಕಾಣುತ್ತಿತ್ತು. ಅವಳು ಅಪ್ಪನ ಬೆರಳಿನ ಕ್ಲಿಪ್ ತೆಗೆದಳು. ಕೆಂಪು ದೀಪ ಹತ್ತಿತು.

ಮೇಜಿನ ಮೇಲಿನ ತೆರೆ ಹಸಿರಾಗಿಯೇ ಇತ್ತು.

"ಏನ್ಬೇಕಿತ್ತು ಸರ್?" ಅಂತ ನರ್ಸ್ ಕೇಳಿದರು. ನಾನು ಹಾಸಿಗೆಯತ್ತ ನೋಡಿದೆ, ತೆರೆಯತ್ತ ನೋಡಿದೆ. ಅಲ್ಲಿ ಕೆಂಪು, ಇಲ್ಲಿ ಹಸಿರು. ಇನ್ನೂ ಹಸಿರು. ಕೊನೆಗೆ ಅಕ್ಕನೇ ತಡೆಯಲಾರದೆ ಕ್ಲಿಪ್ಪನ್ನು ಮತ್ತೆ ಬೆರಳಿಗೆ ಸಿಕ್ಕಿಸಿದಳು. ದೀಪ ಆರಿತು. ಆರಿದ ಗಳಿಗೆಗೇ ಮೇಜಿನ ಕಂಪ್ಯೂಟರ್ ಕಿರುಚಿಕೊಂಡಿತು. ತೆರೆಯ ಮೇಲೆ ಒಟ್ಟಿಗೇ ಎರಡು ಸಾಲು: ಕಿಟಕಿ ಪಕ್ಕದ ಹಾಸಿಗೆ, ಅಪಾಯ. ಕಿಟಕಿ ಪಕ್ಕದ ಹಾಸಿಗೆ, ಸರಿಹೋಗಿದೆ.

"ನೋಡಿ, ಆಗ್ಲೇ ಸರಿಹೋಯ್ತಂತೆ," ಅಂದರು ನರ್ಸ್.

ನನಗೆ ಆಗ ಅರ್ಥವಾಯಿತು. ರೋಗಿ ತಾನಾಗಿಯೇ ಚೇತರಿಸಿಕೊಂಡರೆ ಮಾತ್ರ ಅಪಾಯದ ಸುದ್ದಿ ಇಲ್ಲಿಗೆ ಮುಟ್ಟುತ್ತದೆ. ಚೇತರಿಸಿಕೊಳ್ಳದವನ ಸುದ್ದಿ ಜೊತೆಗಾರನಿಗಾಗಿ ಕಾಯುತ್ತಲೇ ಇರುತ್ತದೆ. ವಾರ್ಡಿನ ತುಂಬ ಮಲಗಿದ್ದವರನ್ನು ಒಮ್ಮೆ ನೋಡಿದೆ.

ಅಕ್ಕ ಗೋಡೆ ಹಿಡಿದುಕೊಂಡೇ ಮೇಜಿನ ತನಕ ಬಂದಳು. "ಈ ಕಂಪ್ಯೂಟರ್ ನಂಬ್ಬೇಡಿ. ಒಂದೊಂದು ಹಾಸಿಗೆ ಹತ್ರಾನೂ ಒಬ್ಬೊಬ್ರನ್ನ ಕೂರ್ಸಿ. ಈಗ್ಲೇ."

"ನಿಮಗೆ ಹೇಗೆ ಗೊತ್ತು?"

ನಾನು ಅವಳ ಮೊಣಕೈ ಚಿವುಟಿದೆ.

"ಬರೆದವಳು ನಾನೇ," ಅಂದಳು.

ನರ್ಸ್ ಅವಳನ್ನು ನೋಡಿದ ನೋಟವಿದೆಯಲ್ಲ, ನನ್ನ ವೈರಿಗೂ ಅದು ಬೇಡ. ಮರುಕ್ಷಣ ಎದ್ದವರೇ ಎಲ್ಲರನ್ನೂ ಕೂಗಿ ಕರೆಯುತ್ತಾ ಹಾಸಿಗೆಗಳ ಕಡೆ ಓಡಿದರು.

ನಾವು ಹಿಂದಿರುಗಿದಾಗ ಅಪ್ಪನಿಗೆ ಎಚ್ಚರವಿತ್ತು. ಹಾಸಿಗೆ ಹತ್ತಿರ ಓಡಿಬಂದ ನರ್ಸ್‌ಗಳ ಮಾತೆಲ್ಲ ಕೇಳಿಸಿಕೊಂಡಿದ್ದರು.

"ನೀನು ಬರೆದಿದ್ದೇ ಕೆಟ್ಟಿರೋದಾ ಮಗಳೇ?"

"ಹೂಂ ಅಪ್ಪ." ಅಕ್ಕನ ಕಣ್ಣು ತುಂಬಿ ಬಂತು.

"ಹಾಗಾದ್ರೆ ಅದನ್ನ ಬಿಡು. ನೀನೇ ನೋಡ್ತಾ ಕೂತಿರು, ಸಾಕು." ಕೈ ಚಾಚಿ ಅವಳ ಕೈಯಲ್ಲಿಟ್ಟು ಅಪ್ಪ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೇ ನಿಶ್ಚಿಂತೆಯಿಂದ ಗೊರಕೆ ಹೊಡೆಯತೊಡಗಿದರು. ಅಕ್ಕ ಆ ಕೆಂಪು ದೀಪದ ಮೇಲಿಟ್ಟ ಕಣ್ಣು ಕದಲಿಸದೆ ಕೂತಳು. ಅಪ್ಪ ಹಾಗೆ ಅವಳನ್ನು ನಂಬಿ ಮಲಗಿದಾಗ ಅವಳು ಹೆದರಿದಷ್ಟು, ಇಡೀ ದಿನದಲ್ಲಿ ಹೆದರಿದ್ದನ್ನು ನಾನು ನೋಡಿರಲಿಲ್ಲ.