ಹಣ್ಣು ಹಿಡಿದು ಹೋದ ಭಾನುವಾರ

ಹುಲ್ಲಹಳ್ಳಿಯ ಪಂಚಾಯ್ತಿ ಲೈಬ್ರರಿಯ ಸಿದ್ದರಾಜುವಿಗೆ ಸಂಬಳ ಕೊಡುವುದು ಪುಸ್ತಕ ಕಾಯುವುದಕ್ಕೆ. ಆದರೆ ಅವನು ಕಾಯುತ್ತಿದ್ದದ್ದು ಪಿಯುಸಿ ಮುಗಿಸಿದ ಮಕ್ಕಳನ್ನು. ದಲಿತರ ಬೀದಿಯಲ್ಲಿ ಮೊದಲು ಡಿಗ್ರಿ ಮಾಡಿದವನು ಅವನೇ; ತಾನೊಬ್ಬ ದಾಟಿದರೆ ಸಾಲದೆಂಬ ಹಟ. ಮಕ್ಕಳು ಕಬ್ಬಿನ ಗದ್ದೆಗೋ ಗಾರ್ಮೆಂಟ್ಸಿಗೋ ಜಾರಿಹೋಗುವ ಮುಂಚೆ ಅವರ ಮನೆಗೇ ಹೋಗುತ್ತಿದ್ದ. ಭಾಷಣ ಬಿಗಿಯುವವನಲ್ಲ. ತಾನು ಹಿಂದೆ ಬಿದ್ದು ಓದಿಸಿದವರಲ್ಲಿ ಒಬ್ಬರನ್ನು ಕರೆತಂದು ಅಪ್ಪ ಅಮ್ಮನ ಮುಂದೆ ಕೂರಿಸಿಬಿಡುವುದು, ಅಷ್ಟೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಚೆಲುವರಾಜುವಿನ ಮಗಳು ರಾಣಿಗೆ ಮೈಸೂರಿನಲ್ಲಿ ಬಿಎಸ್ಸಿ ಓದುವಾಸೆ. ಅಪ್ಪ ಹೂಂ ಅನ್ನಲೊಲ್ಲ. ಹೆಣ್ಣುಮಕ್ಕಳ ಮನೆಗಾದರೆ ಸಿದ್ದರಾಜು ನರ್ಸ್ ಯಶೋಧರಾಳನ್ನೇ ಕರೆದೊಯ್ಯುತ್ತಿದ್ದ. ಆ ಭಾನುವಾರ ಅವಳಿಗೆ ಡ್ಯೂಟಿ. ಬದಲಿಗೆ ನಂಜೇಶ್ ಬಂದ; ಟಿ. ನರಸೀಪುರದ ತಾಲ್ಲೂಕು ಆಫೀಸಿನಲ್ಲಿ ಹೊಸ ಗುಮಾಸ್ತ, ಮದುವೆಯಾಗದ ಹುಡುಗ, ಇಸ್ತ್ರಿ ಮುರಿಯದ ಬಿಳಿ ಶರ್ಟು. ಬರಿಗೈಲಿ ಹೋಗಬಾರದೆಂದು ಸಿದ್ದರಾಜು ಒಂದು ಚಿಪ್ಪು ರಸಬಾಳೆ ಕೊಂಡ. ರಾಣಿಯ ತಾಯಿ ರಾಮಮ್ಮ ಚಾಪೆ ಹಾಸಿದಳು, ರಾಣಿ ಕಾಫಿ ತಂದಿಟ್ಟಳು. ಎದುರು ಜಗಲಿಯ ಹೆಂಗಸರು ತೆರೆದ ಬಾಗಿಲಿನಿಂದ ಹಣ್ಣು ನೋಡಿದರು, ಶರ್ಟು ನೋಡಿದರು, ಕಾಫಿ ತಂದವಳನ್ನೂ ನೋಡಿದರು.

ಒಳಗೆ ನಂಜೇಶ್ ತನ್ನ ಹಾಸ್ಟೆಲಿನ ದಿನಗಳನ್ನು ಹೇಳಿದ. ಚೆಲುವರಾಜು ಬಹಳ ಹೊತ್ತು ಕೇಳಿ, ಸೇರಿಸುತ್ತೇನೆ ಅಂದ. ಸಿದ್ದರಾಜುವಿನ ಖುಷಿ ಅಷ್ಟಿಷ್ಟಲ್ಲ. ಪಾಪ, ಗೆದ್ದೆ ಅಂದುಕೊಂಡ.

ಕೆಲವೇ ದಿನದಲ್ಲಿ ಬೀದಿ ತೀರ್ಮಾನ ಮಾಡಿತು: ಸರ್ಕಾರಿ ನೌಕರಿಯ ಗಂಡು ರಾಣಿಯನ್ನು ನೋಡಿಹೋಗಿದೆ. ಆಮೇಲೆ ಯಾವ ಸುದ್ದಿಯೂ ಬಾರದಿದ್ದಾಗ, ಒಪ್ಪಲಿಲ್ಲವಂತೆ ಅಂದರು. ಒಪ್ಪದಿರಬೇಕಾದರೆ ಹುಡುಗಿಯಲ್ಲೇ ಏನೋ ಐಬು ಅಂದರು. ಸಿದ್ದರಾಜು ಮನೆಮನೆಗೆ ಹೋಗಿ ವಿವರಿಸಿದ. ವಿವರಿಸಿದಷ್ಟೂ ಕೆಟ್ಟಿತು, ಏನೂ ಇಲ್ಲದಿದ್ದರೆ ಇವನೇಕೆ ಇಷ್ಟು ಬೆವರುತ್ತಾನೆ ಎಂದು ಕೇಳಿದರು. ಆಡುವವರ ಬಾಯಿಗೆ ಹೊಲಿಗೆ ಹಾಕಲಾದೀತೆ?

ರಾಮಮ್ಮ ಊಟ ಬಿಟ್ಟು ಕೂತಳು. ಇನ್ನು ಈ ಹುಡುಗಿಯನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ ಅವಳಿಗೆ. ಕಾಲೇಜಿನ ಅಡ್ಮಿಷನ್ ಶುರುವಾಗುವ ಮುಂಚೆಯೇ ಸೋಸಲೆಯಲ್ಲಿದ್ದ ತನ್ನ ತಮ್ಮನಿಗೇ ಮಗಳನ್ನು ಕೊಡುವ ಮಾತು ಮುಗಿಸಿದಳು. ಚೆಲುವರಾಜು ಲೈಬ್ರರಿಗೆ ಬಂದು ಬಾಗಿಲಲ್ಲೇ ನಿಂತ.

“ನಿಮ್ ತಪ್ಪಲ್ಲ ಸಾ,” ಅಂದ. “ಆದ್ರೆ ಎಣ್ಣು ಎತ್ತಿರೋರು ನಾವು.”

ಧಾರೆಯ ದಿನ ಸಿದ್ದರಾಜುವಿಗೆ ಹೋಗದೆ ಇರಲಾಗಲಿಲ್ಲ. ಅಕ್ಷತೆ ಹಾಕಿ, ಮುಖ ನೋಡಲಾರದೆ ಮಂಟಪ ಇಳಿಯುತ್ತಿದ್ದವನನ್ನು ರಾಣಿಯೇ ಮೆಲ್ಲಗೆ ಕರೆದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೇನೋ.

“ಸಾ, ನನ್ ತಂಗೀನೂ ಡಿಗ್ರಿ ಓದ್ಬೇಕು ಅಂತಾವ್ಳೆ,” ಅಂದಳು. “ನೀವು ಮಾತ್ರ ನಮ್ಮನೆಗೆ ಬರ್ಬೇಡಿ ಸಾ.”