ಹಾಲಿಲ್ಲದ ಗಿಣ್ಣ

ನನಗೊಂದು ಚಟವಿದೆ: ಎಣಿಸುವುದು. ಬೈಲಹೊಂಗಲದಿಂದ ಸಂಪಗಾಂವದ ಶಾಲೆಗೆ ಗಣಿತ ಹೇಳಲು ಹೋಗುವ ಬಸ್ಸು ಎಷ್ಟು ಕಡೆ ನಿಂತಿತು, ಅವ್ವ ಎಷ್ಟು ಸಲ ಕನ್ನಡಕ ಹುಡುಕಿದಳು, ನಾನು ಎಷ್ಟು ಸಲ ಸಿಟ್ಟಾದೆ, ಎಲ್ಲಕ್ಕೂ ಡೈರಿಯಲ್ಲಿ ತಾರೀಖಿನ ಮುಂದೆ ಒಂದೊಂದು ಚೌಕ ಗೀಚಿಟ್ಟಿದ್ದೇನೆ. ಕೊನೆಯ ಚೌಕದಲ್ಲಿ ಮಾತ್ರ ಸ್ವಲ್ಪ ಕಡಿಮೆ ಬರೆಯುತ್ತೇನೆ ಎಂಬುದು ನಮ್ಮಿಬ್ಬರಲ್ಲೇ ಇರಲಿ.

ಪಂಚಮಿಯ ಹೊತ್ತಿಗೆ ಅಜ್ಜಿಗೆ ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟು, ಇವರ ಊಟದ ಕಡೆ ಗಮನವಿರಲಿ ಎಂದರು. ನನ್ನಂಥವಳಿಗೆ ಅಷ್ಟು ಸಾಕು. ಅಂದೇ ಅಜ್ಜಿಯ ಹೆಸರಿನಲ್ಲಿ ಹೊಸ ಪುಟ ತೆರೆದೆ. ಜ್ವರ ಬಿಟ್ಟಿತು, ಆದರೆ ಪುಟ ಕೊಡುತ್ತಿದ್ದ ಸುದ್ದಿ ಒಳ್ಳೆಯದಿರಲಿಲ್ಲ. ಪಂಚಮಿಗೆ ರಾತ್ರಿಯ ಊಟಕ್ಕೆ ಮೂರು ರೊಟ್ಟಿ, ಗಣಪತಿ ಹಬ್ಬಕ್ಕೆ ಎರಡು, ದಸರೆಗೆ ಒಂದು. ಗಣಿತದ ಶಿಕ್ಷಕಿಗೆ ಈ ಸರಣಿ ಎಲ್ಲಿ ಹೋಗಿ ಮುಟ್ಟುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೀಗಿರುವಾಗ ಒಂದು ದಿನ ನಾನು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಿದ್ದೆ. ಕೆಂಪಗೆ ಕುದಿಯುವ ಸಾರಿನಲ್ಲಿ ಬೆಳ್ಳಗೆ ಮೆತ್ತಗಿನದೇನೋ ಅಲುಗುತ್ತಿತ್ತು. ಹಿಂದಿನಿಂದ ಅಜ್ಜಿ ಬಗ್ಗಿ ನೋಡಿ, ಅದೇನು ಗಿಣ್ಣವೇ ಎಂದು ಕೇಳಿದಳು. ತಿಂಗಳುಗಳ ನಂತರ ಅಜ್ಜಿ ಊಟದ ಬಗ್ಗೆ ಕೇಳಿದ ಮೊದಲ ಪ್ರಶ್ನೆ! ಅದನ್ನೂ ಬರೆದುಕೊಂಡೆ. ಅದು ಗಿಣ್ಣವಲ್ಲ, ತೋಫು. ಸೋಯಾ ಹಾಲನ್ನು ಒಡೆಸಿ ಮಾಡುವುದು. ಆ ಸಾರಿಗೆ ಸುಂದುಬು ಜಿಗೆ ಎನ್ನುತ್ತಾರೆ. ಅಜ್ಜಿಯ ಕಟ್ಟಿಸಿದ ಹಲ್ಲಿಗೆ ಅದಕ್ಕಿಂತ ಮೆತ್ತಗಿನ ಊಟವುಂಟೆ?

ಬೈಲಹೊಂಗಲದ ಮೂರು ಅಂಗಡಿಗಳಲ್ಲಿ ತೋಫು ಕೇಳಿದೆ. ಒಬ್ಬರು ಪನೀರು ತೋರಿಸಿದರು, ಒಬ್ಬರು ನನ್ನನ್ನೇ ನೋಡಿದರು, ಮೂರನೆಯವರು ಔಷಧಿ ಅಂಗಡಿಯ ದಾರಿ ಹೇಳಿದರು. ವಿಚಿತ್ರವೆಂದರೆ ನಮ್ಮ ಸುತ್ತಲಿನ ಎರಿಹೊಲಗಳ ತುಂಬ ಸೋಯಾ. ನಾವು ಅದನ್ನು ಬಿತ್ತುತ್ತೇವೆ, ಒಕ್ಕುತ್ತೇವೆ, ಚೀಲ ತುಂಬಿ ಪೇಟೆಗೆ ಕಳಿಸುತ್ತೇವೆ. ಅಡಿಗೆಮನೆಯ ಹೊಸ್ತಿಲು ದಾಟಿಸುವುದಿಲ್ಲ. ಬೀಜಕ್ಕೆಂದು ತೆಗೆದಿಟ್ಟ ಚೀಲದಿಂದ ಎರಡು ಬಟ್ಟಲು ಕಾಳು ಕೊಡುವಾಗ ಅವ್ವ ನನ್ನನ್ನು ನೋಡಿದ ರೀತಿ ನೋಡಿದರೆ, ನಾನು ಹತ್ತಿಯ ಪಲ್ಯ ಮಾಡಹೊರಟಿದ್ದೇನೆ ಅನ್ನಿಸಬೇಕು.

ಮೊದಲ ಭಾನುವಾರ. ನೆನೆಸಿದ್ದು ಎಂಟು ತಾಸು, ಮಿಕ್ಸರಿನಲ್ಲಿ ರುಬ್ಬಿದ್ದು ನಾಲ್ಕು ಸುತ್ತು, ಸೋಸಿದ್ದು ಅಜ್ಜನ ಹಳೆಯ ಧೋತರದಲ್ಲಿ. ಹಾಲು ಚೆನ್ನಾಗಿ ಕುದಿಸಿ ಲಿಂಬೆಹಣ್ಣು ಹಿಂಡುವಾಗ ಬಾಗಿಲಲ್ಲಿ ಕುಳಿತ ಅಜ್ಜಿಗೆ ಸಂಕಟವಾಯಿತು.

“ಹಾಲು ತಾನಾಗಿ ಒಡದ್ರನ ಹೊಟ್ಟಿ ಉರೀತೈತಿ. ನೀ ನಿಂತು ಒಡಸಾಕ್ಹತ್ತೀಯಲ್ಲ ಯವ್ವಾ.”

ಒಡೆದದ್ದನ್ನು ಗಂಟು ಕಟ್ಟಿ ಮೇಲೆ ರುಬ್ಬುವ ಗುಂಡು ಹೇರಿದೆ. ಎಷ್ಟು ಹೊತ್ತು ಎನ್ನುವುದನ್ನು ಮಾತ್ರ ಬರೆದುಕೊಳ್ಳಲು ಮರೆತೆ. ಬಿಚ್ಚಿದಾಗ ಸಿಕ್ಕಿದ್ದು ಬರೆಯುವ ಪಾಟಿಯಂಥ ಗಟ್ಟಿ ಹಲಗೆ. ಅಜ್ಜಿ ಒಂದು ತುಂಡು ಬಾಯಿಗೆ ಹಾಕಿ, ಬಹಳ ಹೊತ್ತು ಯೋಚಿಸಿ, ಹಲ್ಲು ತೆಗೆದು ನೀರಿನಲ್ಲಿಟ್ಟು ಮಲಗಿಬಿಟ್ಟಳು. ಅಂದಿನ ಲೆಕ್ಕ: ರೊಟ್ಟಿ ಅರ್ಧ.

ಎರಡನೆಯ ಭಾನುವಾರ ಹಾಲು ಕುದಿಸಿ ಮುಚ್ಚಿಟ್ಟು ಲಿಂಬೆಹಣ್ಣು ತರಲು ಹೋದೆ. ದಾರಿಯಲ್ಲಿ ಮಾತಿಗೆ ಸಿಕ್ಕವರು ಇಬ್ಬರು. ತಿರುಗಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ನಮ್ಮ ಮನೆಯಲ್ಲಿ ಸಂಜೆ ಹೊತ್ತಿನಲ್ಲಿ ಉಗುರುಬೆಚ್ಚಗಿನ ಹಾಲು ಮುಚ್ಚಿದ ಪಾತ್ರೆಯಲ್ಲಿದ್ದರೆ ಅದಕ್ಕೆ ಒಂದೇ ಗತಿ. ಅರವತ್ತು ವರ್ಷಗಳಿಂದ ಅಜ್ಜಿಯ ಕೈ ತಾನಾಗಿಯೇ ಮಜ್ಜಿಗೆಯ ಗಡಿಗೆಗೆ ಹೋಗುತ್ತದೆ.

“ನೀ ಮರತ ಹೋಗಿದ್ದಿ. ನಾನ ಹೆಪ್ಪ ಹಾಕೇನಿ,” ಎಂದಳು, ಉಪಕಾರ ಮಾಡಿದ ಮುಖದಲ್ಲಿ.

ಆ ದಿನ ಸಿಟ್ಟಿನ ಚೌಕದಲ್ಲಿ ಒಂದು ಎಂದು ಬರೆದಿದ್ದೇನೆ. ನೀವು ಮೂರು ಎಂದು ಓದಿಕೊಳ್ಳಬಹುದು.

ಆದರೆ ಮರುದಿನ, ಶಾಲೆಗೆ ರಜೆ, ಮುಚ್ಚಳ ತೆಗೆದರೆ ಒಳಗೆ ಗಿಣ್ಣದಂಥ ಗಿಣ್ಣ! ಬೆಳ್ಳಗೆ, ನುಣ್ಣಗೆ, ಪಾತ್ರೆ ಮುಟ್ಟಿದರೆ ನಡುಗುತ್ತದೆ. ತುಸು ಹುಳಿ, ಅಷ್ಟೆ. ಆ ಕೊರಿಯಾದ ಸಾರಿಗೆ ಬೇಕಾದದ್ದು ಹಿಂಡದ, ಒತ್ತದ ತೋಫುವೇ ಎಂದು ಮೊಬೈಲು ಈಗ ಹೇಳಿತು. ಎಳ್ಳೆಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹುರಿದೆ. ಕೊರಿಯಾದವರ ಹುದುಗಿಸಿದ ಮೆಣಸಿನ ಚಟ್ನಿಯ ಬದಲು ನಮ್ಮ ರಂಜಕ ಎರಡು ಚಮಚ, ಬೆಲ್ಲ ಒಂದು ಚೂರು. ಮೆಣಸಿನಕಾಯಿ ಅವರಿಗೂ ನಮಗೂ ಹೊರಗಿನಿಂದ ಬಂದದ್ದೇ. ಬಂದ ಮೇಲೆ ಇಬ್ಬರೂ ಅದನ್ನು ಅರೆದು, ಹುಳಿ ಬರಿಸಿ, ತಮ್ಮದೇ ಎಂದುಕೊಂಡರು. ನೆಂಟಸ್ತಿಕೆಗೆ ಇನ್ನೇನು ಬೇಕು? ನೀರು ಹೊಯ್ದು ಕುದಿಸಿ, ಉರಿ ಆರಿಸಿ, ಗಿಣ್ಣವನ್ನು ದೊಡ್ಡ ಚಮಚದಿಂದ ಮೆಲ್ಲಗೆ ಇಳಿಬಿಟ್ಟೆ.

ಅಜ್ಜಿ ರೊಟ್ಟಿ ಮುರಿದು ಅದರಲ್ಲಿ ಅದ್ದಿದಳು. ತಿಂದಳು. ಮತ್ತೆ ಮುರಿದಳು. ಒಂದು ಮುಗಿಯಿತು. ಕೈ ಎರಡನೆಯದರ ಕಡೆ ಚಾಚಿತು, ನನ್ನ ಕೈ ಪೆನ್ನಿನ ಕಡೆ. ಅಜ್ಜಿಯ ಕೈ ಅಲ್ಲೇ ನಿಂತಿತು.

“ಎಮ್ಮಿ ಎಷ್ಟ ಮೇದ್ತು, ಎಷ್ಟ ಹಿಂಡ್ತು ಅಂತ ಬರದಂಗ ಬರೀತಿ. ಅದನ್ನ ನೋಡಿಕೋತ ಹೆಂಗ ಉಣ್ಣಲಿ? ಬಾಜೂಮನಿ ಗಂಗವ್ವ ಎಣಸೂದಿಲ್ಲ ನೋಡು. ನೀ ಸಾಲಿಗೆ ಹೋದಮ್ಯಾಲ ದಿನಾ ಎರಡು ರೊಟ್ಟಿ ಅಲ್ಲೇ ಉಂಡ ಬರತೇನಿ.”

ಅವ್ವ ಒಲೆಯ ಕಡೆ ಮುಖ ಮಾಡಿದಳು. ಅವಳ ಬೆನ್ನು ನಗುತ್ತಿತ್ತು; ಅವಳಿಗೆ ಮೊದಲೇ ಗೊತ್ತಿತ್ತು. ನಾನು ಡೈರಿಯನ್ನು ನೋಡಿದೆ. ಒಂದೂ ತಾರೀಖು ತಪ್ಪಿಲ್ಲದ, ಗೆರೆ ಸೊಟ್ಟಗಾಗದ ಮೂರು ತಿಂಗಳ ಲೆಕ್ಕ, ಪೂರ್ತಿ ಸುಳ್ಳು. ಸರಣಿ ಇಳಿಯುತ್ತಿದ್ದದ್ದು ಅಜ್ಜಿಯ ಹಸಿವಿನಿಂದಲ್ಲ, ನನ್ನ ಪೆನ್ನಿನಿಂದ. ಇಷ್ಟು ದೊಡ್ಡ ತಪ್ಪಿಗೆ ಇಷ್ಟು ಸಂತೋಷಪಟ್ಟ ಗಣಿತದವರು ಬೇರೆ ಇರಲಿಕ್ಕಿಲ್ಲ.

ಡೈರಿ ಮುಚ್ಚಿ ಗೂಡಿನಲ್ಲಿಟ್ಟು ನಾನೂ ತಾಟು ಹಾಕಿಕೊಂಡು ಕುಳಿತೆ. ಅಜ್ಜಿ ಆಮೇಲೆ ಎಷ್ಟು ಉಂಡಳೋ ನನಗೆ ಗೊತ್ತಿಲ್ಲ. ಅಂದಿನ ಅವಳ ಚೌಕ ಈಗಲೂ ಖಾಲಿ ಇದೆ. ಬುಟ್ಟಿಯಲ್ಲಿ ಉಳಿದ ರೊಟ್ಟಿ ನೋಡಿ ಕಳೆಯುವ ಲೆಕ್ಕ ಮಾಡಬಹುದಿತ್ತು. ಬುಟ್ಟಿಗೆ ಬಟ್ಟೆ ಮುಚ್ಚಿ, ಪಾತ್ರೆ ತೊಳೆಯಲು ಎದ್ದೆ.